ಬೆಂಡಿನ ಹಿಮ್ಮಡಿ

ಬಂದರು, ೯ ಜೂನ್ ೧೯೫೧

ಪೂಜ್ಯ ಅಣ್ಣನ ಪಾದಗಳಿಗೆ ತಮ್ಮನ ನಮಸ್ಕಾರ.

ಸುಖವಾಗಿ ತಲುಪಿದೆ. ಹಗ್ಗ ಮಾರುವ ಅಂಗಡಿಯ ಮಾಳಿಗೆಯ ಮೇಲೆ ಒಂದು ಕೋಣೆ ದೊರೆತಿದೆ. ಕಿಟಕಿ ತೆರೆದರೆ ಹಡಗುಗಳ ಕಂಬಗಳು, ಮುಚ್ಚಿದರೆ ಹಗ್ಗದ ವಾಸನೆ. ಉಗ್ರಾಣವೊಂದರಲ್ಲಿ ಮೂಟೆಗಳನ್ನು ಇಳಿಸಿ ಜೋಡಿಸುವ ಕೆಲಸ. ಮೈ ನೋಯುತ್ತದೆ; ಆದರೆ ಮನಸ್ಸು ಹಗುರಾಗಿದೆ.

ಕಾರಣ ಹೇಳುತ್ತೇನೆ. ಇಲ್ಲಿಗೆ ಬಂದ ಮೇಲೆ ಯಾರೊಬ್ಬರೂ ನನ್ನನ್ನು 'ಕುಂಟ' ಎಂದು ಕರೆದಿಲ್ಲ. ಗಿಡ್ಡವಾದ ಎಡಗಾಲಿನ ಬೂಟಿನೊಳಗೆ ನೀನು ಕೂರಿಸಿರುವ ಬೆಂಡಿನ ಹಿಮ್ಮಡಿ ಹೊರಗಿನವರ ಕಣ್ಣಿಗೆ ಕಾಣುವುದೇ ಇಲ್ಲ. ಉಗ್ರಾಣದ ಮೇಸ್ತ್ರಿ ನನ್ನ ನಡಿಗೆಯನ್ನು ನೋಡಿ, "ಏನಯ್ಯಾ, ಸಿಪಾಯಿ ಥರ ನಡೀತೀಯಲ್ಲ, ಸೈನ್ಯದಲ್ಲಿದ್ಯಾ?" ಎಂದು ಕೇಳಿದ. "ಇಲ್ಲ ಸ್ವಾಮಿ, ನಮ್ಮಣ್ಣ ನಡೆಸಿದ ಹಾಗೆ ನಡೀತೀನಿ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿನಗಾಗುತ್ತದೆ.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಬೂಟಿನ ಅಂಗಡಿ, ೨೫ ಜೂನ್ ೧೯೫೧

ಚಿರಂಜೀವಿ ತಮ್ಮನಿಗೆ ಅಣ್ಣ ಅತ್ತಿಗೆಯರ ಆಶೀರ್ವಾದ.

ನಿನ್ನ ಕಾಗದವನ್ನು ಅತ್ತಿಗೆ ಎರಡೆರಡು ಸಲ ಓದಿಸಿಕೊಂಡಳು. "ಸಿಪಾಯಿಯಂತೆ ಸಿಪಾಯಿ! ಮೂಟೆ ಹೊರೋ ಸಿಪಾಯಿ. ಹೊಟ್ಟೆಗೆ ಸರಿಯಾಗಿ ತಿಂತಾನಾ ಕೇಳ್ರಿ ಮೊದಲು" ಎಂದಳು. ಕೇಳಿದ್ದೇನೆ, ಉತ್ತರ ಬರೆ.

ಬೂಟಿನ ವಿಷಯದಲ್ಲಿ ಉದಾಸೀನ ಮಾಡಬೇಡ. ಬೆಂಡು ನೀರಿಗೆ ಹೆದರುವುದಿಲ್ಲ, ಆದರೆ ಭಾರಕ್ಕೆ ಕ್ರಮೇಣ ತಗ್ಗುತ್ತದೆ. ಸವೆದಂತೆ ತಿಳಿಸು, ಹೊಸದು ಮಾಡಿ ಕಳುಹಿಸುತ್ತೇನೆ. ಅಪ್ಪ ನಿನಗೆ ಮಾಡಿಕೊಟ್ಟ ಮೊದಲ ಜೋಡು ನೆನಪಿದೆಯೇ? ಬೆಂಡು ಸಿಗದೆ ರಟ್ಟನ್ನು ಪದರ ಪದರವಾಗಿ ಅಂಟಿಸಿದ್ದರು. ಮೊದಲ ಮಳೆಗೇ ಅದು ನೆನೆದು ಮುದ್ದೆಯಾಯಿತು. ನೀನು ಶಾಲೆಯ ಅಂಗಳದಲ್ಲಿ ಎಲ್ಲರೆದುರು ಮುಗ್ಗರಿಸಿದೆ. ಅಂದು ಸಂಜೆ ನೀನು ಅಳಲಿಲ್ಲ, ಅಪ್ಪ ಅತ್ತರು. ಇನ್ನು ಮುಂದೆ ನಿನ್ನ ಜೋಡನ್ನು ನಾನೇ ಮಾಡುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟವನು ನಾನು.

ಪರಸ್ಥಳ. ಜಗಳಕ್ಕೆ ಹೋಗಬೇಡ. ಆದರೆ ಯಾರಾದರೂ ಮೈಮೇಲೆ ಬಂದರೆ ಹೊಡೆಸಿಕೊಂಡು ಬರಬೇಡ. ಒಬ್ಬನಿಂದ ಹೊಡೆಸಿಕೊಂಡವನನ್ನು ಊರೆಲ್ಲ ಹೊಡೆಯುತ್ತದೆ.

ನಿನ್ನ ಅಣ್ಣ


ಬಂದರು, ೨ ಫೆಬ್ರವರಿ ೧೯೫೨

ಪೂಜ್ಯ ಅಣ್ಣನಿಗೆ,

ನಿನ್ನ ಮಾತನ್ನು ನಡೆಸಿಕೊಟ್ಟಿದ್ದೇನೆ. ನಲ್ಲಿಯ ಬಳಿ ಸ್ನಾನಕ್ಕೆ ಹೋದಾಗ ಜೊತೆಯವನೊಬ್ಬ ನನ್ನ ಎಡಗಾಲಿನ ಬೂಟನ್ನು ಅಡಗಿಸಿ, ನಾನು ಬರಿಗಾಲಿನಲ್ಲಿ ಹುಡುಕುವುದನ್ನು ಎಲ್ಲರಿಗೂ ತೋರಿಸಿ ಕುಣಿದ. ಸ್ವಲ್ಪ ಜಗಳವಾಯಿತು. ಅವನು ಜಾರಿ ಬಿದ್ದು ದವಡೆಗೆ ಪೆಟ್ಟಾಯಿತು.

ಕೆಲಸ ಹೋಯಿತೆಂದೇ ಎಣಿಸಿದ್ದೆ. ಮೇಸ್ತ್ರಿ ಕರೆಸಿ, "ಮೂಟೆ ಹೊರೋಕೆ ನೂರು ಜನ ಸಿಗ್ತಾರೆ. ನೀನು ನಾಳೆಯಿಂದ ನನ್ನ ಪಕ್ಕದಲ್ಲಿ ನಿಂತ್ಕೋ, ಸಾಕು" ಎಂದ. "ನಿಂತು ಏನ್ಮಾಡ್ಲಿ?" ಎಂದು ಕೇಳಿದೆ. "ಏನೂ ಮಾಡ್ಬೇಡ. ನಿನ್ನ ನೋಡಿ ಬೇರೆಯವರು ಸುಮ್ನಿದ್ರೆ ಆಯ್ತು" ಎಂದ.

ಈಗ ನಾನು ಮೂಟೆ ಹೊರುವುದಿಲ್ಲ. ನೆಟ್ಟಗೆ ನಿಲ್ಲುತ್ತೇನೆ. ಅದೇ ಕೆಲಸ.

ನಿನ್ನ ತಮ್ಮ


ಬೂಟಿನ ಅಂಗಡಿ, ೨೦ ಫೆಬ್ರವರಿ ೧೯೫೨

ಚಿರಂಜೀವಿ ತಮ್ಮನಿಗೆ ಆಶೀರ್ವಾದ.

ಒಂದು ವರ್ಷ ತುಂಬುವ ಮೊದಲೇ ಮೇಲ್ವಿಚಾರಣೆಯ ಕೆಲಸ! ಬೀದಿಯವರಿಗೆಲ್ಲ ಹೇಳಿದೆ. ಬಿದ್ದವನ ದವಡೆ ವಾಸಿಯಾಯಿತೇ ಎಂದು ಅತ್ತಿಗೆ ಕೇಳುತ್ತಾಳೆ. ಜಾರಿ ಬಿದ್ದವನ ಪಾಪ ನಿನಗೇಕೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಇತ್ತ ಒಂದು ಕಿರುಕುಳ ಶುರುವಾಗಿದೆ. ಕಟ್ಟಡದ ಮಾಲೀಕ ಅಂಗಡಿಯನ್ನು ಬಿಡಿಸಿ ಕಟ್ಟಡ ಕೆಡವಬೇಕೆಂದಿದ್ದಾನೆ. ಮೊನ್ನೆ ಬಂದು, ಅಪ್ಪನ ಕಾಲದ ಬೂಟಿನ ಮರದ ಅಚ್ಚುಗಳನ್ನು ಕೋಲಿನಿಂದ ತಳ್ಳಿ, "ಈ ಕಟ್ಟಿಗೇನೆಲ್ಲ ಒಲೆಗೆ ಹಾಕಿ ಜಾಗ ಖಾಲಿ ಮಾಡು" ಎಂದ. ಎಲ್ಲಿಗೆ ಹೋಗುವುದೆಂದು ತೋಚುತ್ತಿಲ್ಲ. ಸುಮ್ಮನೆ ಮನಸ್ಸು ಹಗುರಾಗಲೆಂದು ಬರೆದೆ. ನೀನು ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ ಅಣ್ಣ


ಬೂಟಿನ ಅಂಗಡಿ, ೧೬ ಏಪ್ರಿಲ್ ೧೯೫೨

ಚಿರಂಜೀವಿ ತಮ್ಮನಿಗೆ,

ಸಿಹಿ ಸುದ್ದಿ. ಮಾಲೀಕ ತಾನಾಗಿ ಬಂದು, "ಎಷ್ಟು ವರ್ಷ ಬೇಕಾದ್ರೂ ಇರಿ, ನಾನು ಕೇಳೋದಿಲ್ಲ" ಎಂದು ಹೇಳಿ ಹೋದ. ಅವನ ಬಲಗೈಗೆ ದಪ್ಪ ಪಟ್ಟಿ ಕಟ್ಟಿತ್ತು. ಬೆರಳುಗಳು ಬಾಗಿಲಿಗೆ ಸಿಕ್ಕಿಕೊಂಡವಂತೆ. ಮಾತನಾಡುವಾಗ ನನ್ನ ಮುಖವನ್ನು ನೋಡಲಿಲ್ಲ. ಅಂಗಡಿಯ ಬಾಗಿಲನ್ನೇ ನೋಡುತ್ತಿದ್ದ.

ನಿನ್ನತ್ತಿಗೆ ಎಲ್ಲದರಲ್ಲೂ ಕೊಂಕು ಹುಡುಕುವವಳು. "ಅಲ್ರೀ, ಬೆರಳು ಸಿಕ್ಕಿದ್ದು ಬಾಗಿಲಿಗಾ, ಯಾರದಾದ್ರೂ ಕೈಗಾ?" ಎಂದಳು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಟ್ಟಬೇಡ ಎಂದೆ. ಅಚ್ಚುಗಳನ್ನು ಒರೆಸಿ ಮತ್ತೆ ಗೋಡೆಗೆ ಜೋಡಿಸಿದ್ದೇನೆ.

ನಿನ್ನನ್ನು ನಾನೇನೂ ಕೇಳುವುದಿಲ್ಲ.

ನಿನ್ನ ಅಣ್ಣ


ಬಂದರು, ೧ ಮೇ ೧೯೫೨

ಅಣ್ಣನಿಗೆ,

ಅಂಗಡಿ ಉಳಿಯಿತಲ್ಲ, ಒಳ್ಳೆಯದಾಯಿತು. ನೀನು ಕೇಳದೆ ಇದ್ದದ್ದೂ ಒಳ್ಳೆಯದಾಯಿತು.

ನಿನ್ನ ತಮ್ಮ


ಬಂದರು, ೧೧ ಮಾರ್ಚ್ ೧೯೫೫

ಅಣ್ಣನಿಗೆ ನಮಸ್ಕಾರ.

ಕಾಗದ ಬರೆದು ಬಹಳ ಕಾಲವಾಯಿತು. ಕೋಣೆಗಳನ್ನು ಬದಲಿಸುತ್ತಲೇ ಇರುವುದರಿಂದ ನಿನ್ನ ಉತ್ತರಗಳು ಎಲ್ಲೆಲ್ಲೋ ಅಲೆದಿರಬೇಕು. ಇನ್ನು ಮುಂದೆ ಕಾಗದದ ಹಿಂದೆ ಬರೆದಿರುವ ಚಹದ ಅಂಗಡಿಯ ವಿಳಾಸಕ್ಕೆ ಬರೆ. ಮೇಸ್ತ್ರಿಯ ಸಹವಾಸ ಬಿಟ್ಟೆ. ಅವನು ಈಗ ಇಲ್ಲ. ಸ್ವಂತ ವ್ಯವಹಾರ ಮಾಡಿಕೊಂಡಿದ್ದೇನೆ.

ಈ ಕಾಗದ ತಂದವನು ನನ್ನ ಗೆಳೆಯ. ತರಕಾರಿ ವ್ಯಾನಿನ ಡ್ರೈವರ್, ಮಾತು ಕಡಿಮೆ. ಅವನ ಕೈಯಲ್ಲಿ ಹೊಸ ಜೋಡು ಕೊಟ್ಟು ಕಳುಹಿಸು. ಅತ್ತಿಗೆಗೆ ಸೀರೆಯೊಂದಿದೆ, ಬೇಡವೆನ್ನಬಾರದು.

ನಿನ್ನ ತಮ್ಮ


ಬೂಟಿನ ಅಂಗಡಿ, ೨೮ ನವೆಂಬರ್ ೧೯೫೫

ತಮ್ಮನಿಗೆ ಆಶೀರ್ವಾದ.

ಮಾರ್ಚಿನಲ್ಲಿ ಬಂದ ನಿನ್ನ ಡ್ರೈವರ್ ನಮಗೆ ಹಿಡಿಸಿದ. ಜೋಡು ಮುಗಿಯುವವರೆಗೆ ನಮ್ಮಲ್ಲೇ ಉಂಡು, ಜೋತುಬಿದ್ದಿದ್ದ ಬಾಗಿಲನ್ನು ಯಾರೂ ಹೇಳದೆಯೇ ಸರಿಪಡಿಸಿದ. ಹೊರಡುವಾಗ ಜೇಬಿನಿಂದ ಗಂಟು ಹಾಕಿದ ದಾರವೊಂದನ್ನು ತೆಗೆದು, "ನನ್ನ ಮಗಳ ಕಾಲಿನ ಅಳತೆ ಇದು. ಯಾವತ್ತಾದ್ರೂ ಪುರುಸೊತ್ತಾದ್ರೆ..." ಎಂದು ತಡವರಿಸಿದ. ಅಲ್ಲಿಯೇ ಕೂರಿಸಿ ಕೆಂಪು ಚರ್ಮದಲ್ಲಿ ಪುಟ್ಟ ಜೋಡೊಂದನ್ನು ಹೊಲಿದುಕೊಟ್ಟೆ.

ಈಗ ಬರೆಯುತ್ತಿರುವ ಕಾರಣ ಬೇರೆ. ನಿಮ್ಮ ಬಂದರಿನ ಸುದ್ದಿ ಇಲ್ಲಿಯ ಪತ್ರಿಕೆಗಳನ್ನೆಲ್ಲ ತುಂಬಿದೆ. ಉಗ್ರಾಣದ ಕಾವಲುಗಾರನನ್ನೂ ಊಟ ತಂದಿದ್ದ ಅವನ ಹೆಂಡತಿಯನ್ನೂ ಕೊಂದವನು ಬರಿಗಾಲಿನವನೆಂದೂ ಎಡಗಾಲು ಎಳೆಯುತ್ತಿದ್ದನೆಂದೂ ಹೆಜ್ಜೆಗುರುತುಗಳಿಂದ ತಿಳಿಯಿತೆಂದು ಬರೆದಿದ್ದಾರೆ. ಹಿಂದಿನ ಮೂರು ಕೊಲೆಗಳೂ ಅವನವೇ ಅಂತೆ. ಮುಖ ಕಂಡವರು ಯಾರೂ ಇಲ್ಲವಾಗಿ 'ಕುಂಟ' ಎಂಬ ಹೆಸರನ್ನೇ ಇಟ್ಟಿದ್ದಾರೆ.

ಉಗ್ರಾಣದ ಮರದ ನೆಲದ ಮೇಲೆ ಮೊಳೆ ಹೊಡೆದ ಬೂಟು ಸದ್ದು ಮಾಡುತ್ತದೆಂಬುದು ಬೂಟು ಮಾಡುವವರ ಮನೆಯಲ್ಲಿ ಬೆಳೆದವನಿಗೆ ತಿಳಿದಿರುತ್ತದೆ.

ನೀನು ಯಾವಾಗಲೂ ಬೂಟು ಹಾಕಿಕೊಂಡೇ ಇರುತ್ತೀಯಲ್ಲವೇ? ಇಷ್ಟಕ್ಕೆ ಉತ್ತರ ಬರೆ.

ಅಣ್ಣ


ಬಂದರು, ೧೫ ಡಿಸೆಂಬರ್ ೧೯೫೫

ಅಣ್ಣನಿಗೆ,

ಲೋಕದಲ್ಲಿ ಕುಂಟರಿಗೇನು ಬರವೇ? ಪೊಲೀಸರು ಇಡೀ ಬಂದರನ್ನು ಜಾಲಾಡಿ ಕುಂಟುವವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾರೆ. ಮೊನ್ನೆ ಒಬ್ಬ ಪೊಲೀಸಿನವನು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, "ಸ್ವಲ್ಪ ದಾರಿ ಬಿಡಿ ಸ್ವಾಮಿ, ಆ ಕುಂಟನನ್ನ ವಿಚಾರಿಸಬೇಕು" ಎಂದ. ದಾರಿ ಬಿಟ್ಟೆ.

ನಾನು ಕುಂಟನಲ್ಲ. ನೀನು ಹಾಗೆ ಮಾಡಿಟ್ಟಿದ್ದೀಯೆ. ಕೈಮುಗಿಯುತ್ತೇನೆ.

ತಮ್ಮ


ಬೂಟಿನ ಅಂಗಡಿ, ೧೯ ಆಗಸ್ಟ್ ೧೯೫೬

ತಮ್ಮನಿಗೆ,

ಇಷ್ಟು ತಿಂಗಳು ಏಕೆ ಬರೆಯಲಿಲ್ಲವೆಂದು ನೀನು ಕೇಳಲಿಲ್ಲ, ನಾನೂ ಹೇಳುವುದಿಲ್ಲ.

ಅಂಗಡಿಯಲ್ಲಿ ಹಿಂದೆಂದೂ ಕಾಣದಷ್ಟು ಜನ. ಎಲ್ಲರೂ ಕುಂಟುವವರು. ದೂರದೂರದ ಊರುಗಳಿಂದ ಬರುತ್ತಾರೆ. ಹಿಂದೆ ಇಂಥವರು ಬಂದರೆ, "ಕಾಲು ನೋಯದ ಹಾಗೆ ಮಾಡಿಕೊಡಿ" ಎನ್ನುತ್ತಿದ್ದರು. ಈಗ, "ಕಾಣದ ಹಾಗೆ ಮಾಡಿಕೊಡಿ" ಎನ್ನುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುತ್ತಾರಂತೆ. ಒಬ್ಬನ ಮೇಲೆ ಬಿಸಿನೀರು ಎರಚಿದ್ದರು.

ಅವರಲ್ಲೊಬ್ಬ ಗಡಿಯಾರ ರಿಪೇರಿಯವನು. ತಮಾಷೆಯ ಮನುಷ್ಯ. ಅಳತೆ ತೆಗೆದುಕೊಳ್ಳುವಾಗ, "ನೋಡಿ ಯಜಮಾನ್ರೇ, ನಾನೂ ನನ್ನ ಗಡಿಯಾರಗಳ ಹಾಗೇನೆ. ಒಂದು ಮುಳ್ಳು ಉದ್ದ, ಒಂದು ಗಿಡ್ಡ. ಆದ್ರೂ ಟೈಮಿಗೆ ಸರಿಯಾಗಿ ಮನೆ ಸೇರ್ತೀನಿ" ಎಂದ. ಅತ್ತಿಗೆ ಒಳಗಿನಿಂದಲೇ ನಕ್ಕಳು. ಇತ್ತೀಚೆಗೆ ಅವಳು ನಕ್ಕದ್ದು ಅದೊಂದೇ ಸಲ. ನೀನು ಕೊಟ್ಟ ಸೀರೆಯನ್ನು ಅವಳು ಉಟ್ಟಿಲ್ಲ.

ಬೆಂಡು ಸಿಗುವುದೇ ಕಷ್ಟವಾಗಿದೆ.

ಅಣ್ಣ


ಬಂದರು, ೧೪ ಸೆಪ್ಟೆಂಬರ್ ೧೯೫೬

ಅಣ್ಣನಿಗೆ,

ನಾನು ದೇಶ ಬಿಡುತ್ತಿದ್ದೇನೆ. ನವೆಂಬರಿನ ಮೊದಲ ವಾರ ಹಡಗು. ಅದನ್ನು ಹತ್ತಲು ಉದ್ದವಾದ ಕಲ್ಲಿನ ಕಟ್ಟೆಯ ಮೇಲೆ ನಡೆದುಹೋಗಬೇಕು. ಅಲೆಗಳು ಬಡಿದು ಅದು ಸದಾ ಒದ್ದೆ. ಇಕ್ಕೆಲಗಳಲ್ಲಿಯೂ ಪೊಲೀಸರು ನಿಂತು ಪ್ರತಿಯೊಬ್ಬನ ನಡಿಗೆಯನ್ನೂ ನೋಡುತ್ತಾರೆ. ಹಾಗಾಗಿ ನೀರಿಗೆ ಹೆದರದ ಜೋಡು ಬೇಕು.

ಅಳತೆಗೆಂದು ಹಳೆಯದನ್ನೇ ಡ್ರೈವರನ ಕೈಯಲ್ಲಿ ಕಳುಹಿಸಿದ್ದೇನೆ. ಹೊಸದು ಬರುವವರೆಗೆ ಕೋಣೆಯಿಂದ ಹೊರಗೆ ಕಾಲಿಡುವುದಿಲ್ಲ. ಉಳಿದವರ ಕೆಲಸವನ್ನು ಬದಿಗಿಟ್ಟು ನನ್ನದನ್ನು ಮೊದಲು ಮಾಡು. ಇದೊಂದು ಜೋಡು, ಅಣ್ಣ. ಆಮೇಲೆ ಪತ್ರಿಕೆಗಳಲ್ಲಿ ನೀನು ಓದಬೇಕಾದದ್ದು ಏನೂ ಇರುವುದಿಲ್ಲ.

ತಮ್ಮ


ಬೂಟಿನ ಅಂಗಡಿ, ೬ ಅಕ್ಟೋಬರ್ ೧೯೫೬

ತಮ್ಮನಿಗೆ,

ನೀನು ಹೇಳಿದಂತೆಯೇ ಮಾಡಿದೆ. ಗಡಿಯಾರದವನ ಎಡಗಾಲಿನ ಬೂಟು ಮುಗಿದಿತ್ತು. ಬಲಗಾಲಿನದಕ್ಕೆ ತಳದ ಅಟ್ಟೆ ಹೊಲಿಯುವುದೊಂದು ಬಾಕಿ. ಅದನ್ನು ಎತ್ತಿಟ್ಟು ನಿನ್ನದನ್ನು ಹಿಡಿದೆ. ಅವನು ಬಂದಾಗ, "ಮುಂದಿನ ವಾರ ಬನ್ನಿ" ಎಂದೆ. "ಗಡಿಯಾರದವನಿಗೇ ಟೈಮ್ ಹೇಳ್ತೀರಲ್ಲ ಯಜಮಾನ್ರೇ!" ಎಂದು ನಕ್ಕು, ಕುಂಟುತ್ತಲೇ ರೈಲುನಿಲ್ದಾಣದ ಕಡೆಗೆ ಹೋದ.

ನಿಲ್ದಾಣದಲ್ಲಿ ಯಾರೋ, "ಕುಂಟ! ಕುಂಟ!" ಎಂದು ಕೂಗಿದರಂತೆ. ಜನ ಮುಗಿಬಿದ್ದರು. ಅವನು ಕೈಚೀಲ ತೆರೆದು ಗಡಿಯಾರಗಳನ್ನು ತೋರಿಸಿದನಂತೆ. ಕದ್ದವು ಎಂದುಕೊಂಡರು. ಪೊಲೀಸರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಇಂದು ಅವನ ಹೆಂಡತಿ ಅಂಗಡಿಗೆ ಬಂದಳು. ಗಂಡನಿಗೆ ಬೂಟು ಹಾಕಿ ಕಳುಹಿಸಬೇಕಂತೆ. ಒಂದೇ ಮುಗಿದಿದೆ ತಾಯಿ ಎಂದೆ. "ಒಂದಾದ್ರೂ ಕೊಡಿ. ಗಿಡ್ಡ ಕಾಲಿಂದೇ ಅಲ್ವಾ" ಎಂದಳು. ಕಾಗದದಲ್ಲಿ ಸುತ್ತಿಕೊಟ್ಟೆ.

ಇದಕ್ಕೆ ನೀನು ಏನು ಹೇಳುತ್ತೀಯೆ? ನಾನು ನಿನ್ನನ್ನು ಮೊದಲ ಸಲ ನೇರವಾಗಿ ಕೇಳುತ್ತಿದ್ದೇನೆ.

ಅಣ್ಣ


ಬಂದರು, ೧೨ ಅಕ್ಟೋಬರ್ ೧೯೫೬

ಅಣ್ಣನಿಗೆ,

ಗಡಿಯಾರದವನನ್ನು ನಾನು ಮುಟ್ಟಿಲ್ಲ. ಊರು ಹೊಡೆದದ್ದಕ್ಕೆ ನಾನು ಹೊಣೆಯೇ? ನಿಜ ಹೇಳಬೇಕೆಂದರೆ, ಸತ್ತವನೇ ಕುಂಟನೆಂದು ಜನ ನಂಬಿದರೆ ನನಗೆ ಅನುಕೂಲವೇ. ಕಟ್ಟೆಯ ಮೇಲೆ ಪೊಲೀಸರು ಕಡಿಮೆಯಾದಾರು.

ಕಾವಲುಗಾರನ ಹೆಂಡತಿಯ ಬಗ್ಗೆ ಕೇಳಬೇಕೆಂದಿದ್ದರೆ ಅದನ್ನೂ ಹೇಳಿಬಿಡುತ್ತೇನೆ. ಅವಳು ನನ್ನ ಕಾಲನ್ನು ನೋಡಿದಳು. ಮುಖವನ್ನಲ್ಲ, ಕಾಲನ್ನು. ಅಷ್ಟೇ.

ಡ್ರೈವರ್ ಇಪ್ಪತ್ತರ ಹೊತ್ತಿಗೆ ಬರುತ್ತಾನೆ. ಜೋಡು ಸಿದ್ಧವಿರಲಿ.

ತಮ್ಮ


ಬೂಟಿನ ಅಂಗಡಿ, ೨೧ ಅಕ್ಟೋಬರ್ ೧೯೫೬

ಚಿರಂಜೀವಿ ತಮ್ಮನಿಗೆ ಅಣ್ಣನ ಅನಂತ ಆಶೀರ್ವಾದ.

ಜೋಡನ್ನು ಡ್ರೈವರನ ಕೈಯಲ್ಲಿಯೇ ಕೊಟ್ಟಿದ್ದೇನೆ. ಒಳ್ಳೆಯ ಚರ್ಮ, ಹೊಲಿಗೆ ಕಾಣದಂತೆ ಬಂದಿದೆ. ಕೋಣೆಯಲ್ಲಿ ಹೆಚ್ಚು ಹಾಕಿಕೊಂಡು ಓಡಾಡಬೇಡ, ಆಕಾರ ಕೆಡುತ್ತದೆ. ಹಡಗು ಹತ್ತುವ ದಿನವೇ ಹಾಕಿಕೋ.

ಅತ್ತಿಗೆ ತನ್ನ ಪರವಾಗಿ ಕಾಗದಕ್ಕೆ ಏನನ್ನೂ ಸೇರಿಸಬೇಡವೆಂದಳು.

ನಿನ್ನ ಅಣ್ಣ


ಸೆರೆಮನೆ, ೧೦ ಜನವರಿ ೧೯೫೭

ಅಣ್ಣನಿಗೆ,

ನನ್ನನ್ನು ಹಿಡಿದದ್ದನ್ನು ಓದಿರುತ್ತೀಯೆ. ಪತ್ರಿಕೆಯವರು ಬರೆದಷ್ಟು ಹೋರಾಟವೇನೂ ನಡೆಯಲಿಲ್ಲ. ಕಟ್ಟೆಯ ಮೇಲೆ ಅರ್ಧ ದಾರಿ ಸಿಪಾಯಿಯಂತೆಯೇ ನಡೆದೆ. ಅಲೆಯ ನೀರು ಪಾದದ ಮೇಲೆ ಹರಿಯುತ್ತಿತ್ತು. ಇದ್ದಕ್ಕಿದ್ದಂತೆ ಎಡಗಾಲು ತಗ್ಗಿತು. ಮುಂದಿನ ಹೆಜ್ಜೆಗೆ ಇನ್ನೂ ತಗ್ಗಿತು. ಮುಂದೆ ನಡೆಯುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿ, "ಅಯ್ಯೋ, ಇವನು ಕುಂಟ್ತಾನೆ!" ಎಂದಳು. ಅಷ್ಟೇ ಸಾಕಾಯಿತು. ಪೊಲೀಸರು ಬಿಡಿಸದಿದ್ದರೆ ಜನ ನನ್ನನ್ನೂ ಮುಗಿಸುತ್ತಿದ್ದರು.

ಬೂಟಿನ ಬಗ್ಗೆ ನೊಂದುಕೊಳ್ಳಬೇಡ. ಅವಸರದ ಕೆಲಸ, ಅಂಟು ಒಣಗಿರಲಿಕ್ಕಿಲ್ಲ, ಬೆಂಡು ಜಾರಿರಬೇಕು. ಆದರೆ ಅಂದು ಅಷ್ಟೊಂದು ಪೊಲೀಸರು ಏಕಿದ್ದರು? ಯಾವ ಹಡಗೆಂದು ತಿಳಿದಿದ್ದವನು ಡ್ರೈವರ್ ಒಬ್ಬನೇ. ನನಗೆ ಅವನ ಮೇಲೆಯೇ ಅನುಮಾನ.

ಭೇಟಿಗೆ ಬರುವವನೊಬ್ಬ ಈ ಕಾಗದವನ್ನು ಗುಟ್ಟಾಗಿ ಅಂಚೆಗೆ ಹಾಕುತ್ತಾನೆ. ನೀನು ಚಹದ ಅಂಗಡಿಯ ವಿಳಾಸಕ್ಕೇ ಬರೆ, ನನಗೆ ತಲುಪುತ್ತದೆ.

ತಮ್ಮ


ಬೂಟಿನ ಅಂಗಡಿ, ೧೮ ಜನವರಿ ೧೯೫೭

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಹೌದು, ಆ ದಿನಗಳಲ್ಲಿ ಗಾಳಿ ತೇವವಾಗಿತ್ತು. ಅಂಟು ಸರಿಯಾಗಿ ಹಿಡಿದಿರಲಿಕ್ಕಿಲ್ಲ. ಬೆಂಡೂ ಹಳೆಯ ದಾಸ್ತಾನಿನದು. ಇನ್ನೊಂದು ದಿನ ಬಿಸಿಲಿಗಿಡಬೇಕಿತ್ತೆಂದು ಕೊರಗುತ್ತಿದ್ದೇನೆ.

ಡ್ರೈವರನ ವಿಷಯ ನನಗೇನು ತಿಳಿದೀತು? ಒಳ್ಳೆಯವನಂತೆ ಕಂಡ. ಮನುಷ್ಯರ ಮನಸ್ಸನ್ನು ಯಾರು ಬಲ್ಲರು?

ವಕೀಲರನ್ನು ಗೊತ್ತು ಮಾಡಲು ನಾನು ಬರಲೇ?

ನಿನ್ನ ಅಣ್ಣ


ಸೆರೆಮನೆ, ೩ ಫೆಬ್ರವರಿ ೧೯೫೭

ಅಣ್ಣನಿಗೆ,

ಬರಬೇಡ. ವಕೀಲರೂ ಬೇಡ. ನಾಲ್ಕು ಗೋಡೆಗಳ ಒಳಗಿದ್ದರೂ ನನ್ನ ಮಾತಿಗೆ ಹೊರಗೆ ಇನ್ನೂ ಬೆಲೆಯಿದೆ. ಡ್ರೈವರನನ್ನು ಮುಗಿಸುವ ಕೆಲಸವನ್ನು ಇಬ್ಬರಿಗೆ ಒಪ್ಪಿಸಿದ್ದೇನೆ. ಈ ತಿಂಗಳು ದಾಟುವುದಿಲ್ಲ. ಅವನೇ ಎಂದು ನೂರಕ್ಕೆ ನೂರು ಖಚಿತವಿಲ್ಲ. ಆದರೆ ಬೇರೆ ಯಾರೂ ಇಲ್ಲವಲ್ಲ.

ಅವನ ಮಗಳಿಗೆ ಜೋಡು ಹೊಲಿದುಕೊಟ್ಟವನು ನೀನು. ಅದಕ್ಕಾಗಿ ಮೊದಲೇ ತಿಳಿಸುತ್ತಿದ್ದೇನೆ. ನಿನಗೇನಾದರೂ ಹೇಳುವುದಿದ್ದರೆ ಹೇಳು.

ತಮ್ಮ


ಬೂಟಿನ ಅಂಗಡಿ, ೨೬ ಫೆಬ್ರವರಿ ೧೯೫೭

ತಮ್ಮಾ,

ಅವನನ್ನು ಬಿಟ್ಟುಬಿಡು. ಡ್ರೈವರ್ ಯಾರಿಗೂ ಏನನ್ನೂ ಹೇಳಿಲ್ಲ. ನಿನ್ನನ್ನು ಹಿಡಿದುಕೊಟ್ಟವನು ನಾನು.

ನಾನೂ ಯಾರಿಗೂ ಹೇಳಲಿಲ್ಲ. ಪೊಲೀಸ್ ಠಾಣೆಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದುಬಂದೆ. ನಿನ್ನ ಹೆಸರು ಬಾಯಿಂದ ಹೊರಡಲಿಲ್ಲ. ಮನೆಗೆ ಬಂದು, ಕೂರಿಸಿ ಆಗಿದ್ದ ಬೆಂಡನ್ನು ನಿನ್ನ ಬೂಟಿನಿಂದ ಕಿತ್ತು, ರಟ್ಟನ್ನು ಪದರ ಪದರವಾಗಿ ಅಂಟಿಸಿ ತುಂಬಿದೆ. ಅಪ್ಪ ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ನಾನು ಬೇಕೆಂದೇ ಮಾಡಿದೆ. ಕಲ್ಲಿನ ಕಟ್ಟೆ ಒದ್ದೆಯಾಗಿರುತ್ತದೆಂದು ನೀನೇ ಬರೆದಿದ್ದೆ. ಗಡಿಯಾರದವನ ಹೆಂಡತಿ ಒಂದೇ ಬೂಟನ್ನು ಎದೆಗವಚಿಕೊಂಡು ಹೋದದ್ದನ್ನು ನೋಡಿದ ಮೇಲೆ, ನಿನಗೆ ನೆಟ್ಟಗೆ ನಡೆಯುವ ಜೋಡನ್ನು ಮಾಡಿಕೊಡಲು ನನ್ನ ಕೈ ಒಪ್ಪಲಿಲ್ಲ.

ನಿನ್ನ ಕಾಗದ ಬಂದ ದಿನವೇ ಇದನ್ನು ಬರೆಯಬೇಕಿತ್ತು. ಬರೆಯಲು ಕುಳಿತೆ. ಕೈಯಲ್ಲಿರುವ ಅಟ್ಟೆಯನ್ನು ಮುಗಿಸಿ ಬರೆಯೋಣವೆಂದುಕೊಂಡೆ. ಮುಗಿದ ಮೇಲೆ ಇನ್ನೊಂದು ಅಟ್ಟೆಯಿತ್ತು. ನಿನ್ನ ಜನ ಇಲ್ಲಿಗೂ ಬಂದಾರೆಂಬ ಭಯವೂ ಇತ್ತು; ಮಾಲೀಕನ ಬೆರಳುಗಳು ಕಣ್ಣೆದುರು ಬರುತ್ತಿದ್ದವು. ನಿನ್ನೆ ಅತ್ತಿಗೆ, "ಆ ಡ್ರೈವರ್ ಹೇಗಿದ್ದಾನೋ, ಅವನ ಮಗೂಗೆ ಈಗ ಆ ಜೋಡು ಚಿಕ್ಕದಾಗಿರುತ್ತೆ" ಎಂದಳು. ಅವಳಿಗೆ ನಿನ್ನ ಕಾಗದದ ವಿಷಯ ತಿಳಿಯದು.

ತಡವಾಗಿರದಿರಲಿ. ನಿನಗೆ ಕೋಪವಿದ್ದರೆ ನಾನಿದ್ದೇನೆ, ಅಂಗಡಿಯ ಬಾಗಿಲು ತೆರೆದಿರುತ್ತದೆ. ಅವನನ್ನು ಬಿಡು.

ಅಣ್ಣ


ಸೆರೆಮನೆ, ೯ ಮಾರ್ಚ್ ೧೯೫೭

ಮಾನ್ಯರೇ,

ನಿಮ್ಮ ಕಾಗದ ಈ ತಿಂಗಳ ಮೂರನೆಯ ತಾರೀಖಿಗೆ ತಲುಪಿತು. ನಾನು ಹೇಳಿದ್ದು ಹೋದ ತಿಂಗಳು.

ಗಾಬರಿಯಾಗಬೇಡಿ. ಡ್ರೈವರ್ ಬದುಕಿದ್ದಾನೆ. ಅವನ ಕೂದಲೂ ಕೊಂಕಿಲ್ಲ, ಕೊಂಕಿಸಬೇಕೆಂಬ ಯೋಚನೆಯೂ ನನಗಿರಲಿಲ್ಲ. ಸೆರೆಮನೆಯ ಅಡುಗೆಮನೆಗೆ ತರಕಾರಿ ಹಾಕುವವನು ಈಗ ಅವನೇ. ನನ್ನ ಕಾಗದಗಳನ್ನು ಅಂಚೆಗೆ ಹಾಕಿದವನು, ಚಹದ ಅಂಗಡಿಯಿಂದ ನಿಮ್ಮವನ್ನು ತಂದುಕೊಟ್ಟವನು, ಎಲ್ಲ ಅವನೇ. ಅವನನ್ನು ಕೊಲ್ಲಿಸುತ್ತೇನೆಂದು ಬರೆದ ಕಾಗದವನ್ನು ಅವನಿಗೇ ಓದಿಹೇಳಿ ಕಳುಹಿಸಿದೆ. "ಇದೆಲ್ಲ ಯಾಕೆ? ಮಾರನೇ ದಿನವೇ ತಂತಿ ಕೊಡ್ತಾರೆ ನೋಡು ನಿಮ್ಮಣ್ಣ. ನಾನು ಅವರ ಮನೇಲಿ ಉಂಡೋನು" ಎಂದ. ವ್ಯಾನು ತಂದಾಗಲೆಲ್ಲ ನಾನು ಕೇಳುತ್ತಿದ್ದೆ. "ತಂತಿ ಬಂತಾ?" "ಇವತ್ತಿಲ್ಲ. ನಾಳೆ ಬರುತ್ತೆ ಬಿಡು." ತಿಂಗಳ ಕೊನೆಯಲ್ಲಿ ನಾನು ಕೇಳುವುದನ್ನು ನಿಲ್ಲಿಸಿದೆ, ಅವನು ಹೇಳುವುದನ್ನು ನಿಲ್ಲಿಸಿದ.

ಬೂಟಿನ ಸಂಗತಿ ನನಗೆ ಕಟ್ಟೆಯ ಮೇಲೆಯೇ ತಿಳಿದಿತ್ತು. ರಟ್ಟು ನೆನೆದು ಮುದ್ದೆಯಾದರೆ ಪಾದದಡಿಯಲ್ಲಿ ಹೇಗಿರುತ್ತದೆಂಬುದು ಒಂದು ಸಲ ಅನುಭವಿಸಿದ ಕಾಲು ಮರೆಯುವುದಿಲ್ಲ. ಆಮೇಲೆ ಪೊಲೀಸರು ಅದನ್ನು ನನ್ನೆದುರೇ ಸೀಳಿದರು. ಅಂಟಿನ ಮೇಲೂ ಬೆಂಡಿನ ಮೇಲೂ ತಪ್ಪು ಹೊರಿಸಿ ನಿಮಗೊಂದು ನೆಪ ಕೊಟ್ಟು ನೋಡಿದೆ. ನೀವು ಅದನ್ನು ಎರಡು ಕೈಗಳಿಂದಲೂ ತೆಗೆದುಕೊಂಡಿರಿ.

ನನ್ನನ್ನು ಕೊಟ್ಟದ್ದಕ್ಕೆ ಜಗಳವಾಡುವ ಹಕ್ಕು ನನಗಿಲ್ಲ. ನಾನು ಮಾಡಿದ್ದನ್ನು ನಾನು ಬಲ್ಲೆ. ಗಡಿಯಾರದವನ ಹೆಂಡತಿಯ ಕಣ್ಣೀರಿಗೆ ತಮ್ಮನನ್ನು ಕೊಟ್ಟಿರಿ, ಇರಲಿ. ಡ್ರೈವರನನ್ನು ಯಾರ ಕಣ್ಣೀರಿಗೆ ಕೊಟ್ಟಿರಿ?

ನಿಮ್ಮ ಕಾಗದವನ್ನು ಅವನಿಗೂ ಓದಿಹೇಳಿದೆ. ಕೊನೆಯವರೆಗೂ ಕೇಳಿ, "ಪಾಪ, ಹೆದರಿರ್ತಾರೆ" ಎಂದ. ಆಮೇಲೆ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೊರಟುಹೋದ.

ಮೊನ್ನೆ ಶಿಕ್ಷೆ ವಿಧಿಸಿದರು. ಏನೆಂಬುದು ಪತ್ರಿಕೆಯಲ್ಲಿ ಬಂದಿರುತ್ತದೆ. ಇಂದು ಬೆಳಗ್ಗೆ ಸೆರೆಮನೆಯ ಗುಮಾಸ್ತ ಬಂದು, ದೇಹವನ್ನು ಯಾರಿಗೆ ಒಪ್ಪಿಸಬೇಕೆಂದು ಕೇಳಿದ. ಡ್ರೈವರನ ಹೆಸರು ಹೇಳಿದೆ.

"ಅವರು ನಿನಗೆ ಏನಾಗ್ಬೇಕಪ್ಪಾ?" ಎಂದ.

"ಅಣ್ಣ" ಎಂದೆ.

ಬರೆದುಕೊಂಡು ಹೋದ.